ಹೆಣ್ಣಿನ ಹೆಸರು, ಗಂಡಿನ ಉತ್ಪತ್ತಿ

ಕಳೆದ ಮಳೆಗಾಲದ ಒಂದು ಭಾನುವಾರ ನನ್ನ ಅಕ್ಕನ ಮಗ ಮನೆಗೆ ಬಂದಿದ್ದ. ಮೂವತ್ತಾರರ ಪ್ರಾಯ, ಒಳ್ಳೆಯ ಉದ್ಯೋಗ; ಮಾತಿಗೆ ಎಂದೂ ತಡವರಿಸದವನು. ಅಂದು ಮಾತ್ರ ಕಾಫಿ ತಣ್ಣಗಾಗುವವರೆಗೂ ಸುಮ್ಮನೆ ಕುಳಿತಿದ್ದು, ಕೊನೆಗೆ ನಾಲ್ಕು ಮಡಿಕೆಯ ಕಾಗದವೊಂದನ್ನು ನನ್ನ ಕೈಗಿತ್ತ. ಅದು ರಕ್ತಪರೀಕ್ಷೆಯ ವರದಿ. ‘ಟೆಸ್ಟೋಸ್ಟಿರಾನ್’ ಎಂಬ ಸಾಲಿನ ಅಂಕಿಯ ಪಕ್ಕದಲ್ಲಿ ಕೆಳಮುಖದ ಬಾಣ. ‘ಎಸ್ಟ್ರಡಯಾಲ್’ ಎಂಬ ಸಾಲಿನ ಅಂಕಿಯ ಪಕ್ಕದಲ್ಲಿ ಮೇಲ್ಮುಖದ ಬಾಣ. ‘ಮಾವ, ಈ ಎರಡನೆಯದು ಹೆಂಗಸರ ಹಾರ್ಮೋನಂತೆ. ನನ್ನ ಮೈಯೊಳಗೆ ಇದು ಎಲ್ಲಿಂದ ಬಂತು?’ ಎಂದು ಕೇಳಿದ.

ಅವನ ಮದುವೆಯಾಗಿ ಏಳು ವರ್ಷಗಳಾಗಿವೆ. ಮಕ್ಕಳಿಲ್ಲ. ಈ ಏಳು ವರ್ಷಗಳಲ್ಲಿ ಅವನ ಹೆಂಡತಿ ನುಂಗಿದ ಮಾತ್ರೆಗಳಿಗೆ, ಹಿಡಿದ ವ್ರತಗಳಿಗೆ, ಬಂಧುಗಳ ಮನೆಯ ನಾಮಕರಣಗಳಲ್ಲಿ ಕೇಳಿಸಿಕೊಂಡ ಮಾತುಗಳಿಗೆ ಲೆಕ್ಕವಿಲ್ಲ. ಆಕೆಗೆ ಸ್ತ್ರೀರೋಗ ತಜ್ಞರ ವಿಳಾಸ ಹುಡುಕಿಕೊಟ್ಟವನು ನಾನೇ. ಆದರೆ ಅವನನ್ನು ಎದುರಿಗೆ ಕೂರಿಸಿಕೊಂಡು ‘ನೀನು ಪರೀಕ್ಷೆ ಮಾಡಿಸಿದೆಯಾ’ ಎಂದು ಒಮ್ಮೆಯೂ ಕೇಳಿರಲಿಲ್ಲ. ಮೂವತ್ತನಾಲ್ಕು ವರ್ಷಗಳ ಸರ್ಕಾರಿ ಸೇವೆಯಲ್ಲಿ, ಉಭಯ ಪಕ್ಷಗಳ ಹೇಳಿಕೆ ಪಡೆಯದೆ ಯಾವ ಆದೇಶವನ್ನೂ ಹೊರಡಿಸಬಾರದೆಂದು ಕಿರಿಯ ಅಧಿಕಾರಿಗಳಿಗೆ ಬೋಧಿಸುತ್ತಿದ್ದವನು ನಾನು. ಮನೆಯ ಕಡತದಲ್ಲಿ ಮಾತ್ರ ಒಂದೇ ಪಕ್ಷದ ವಿಚಾರಣೆ ನಡೆಸಿದ್ದೆ.

ಅವನ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ನಾನು ಅರ್ಥಶಾಸ್ತ್ರದ ವಿದ್ಯಾರ್ಥಿ. ಜೀವಶಾಸ್ತ್ರದ ಪರಿಚಯ ಪ್ರೌಢಶಾಲೆಗೇ ಮುಗಿದದ್ದು. ಆದರೂ ನಿವೃತ್ತಿಯ ಬಿಡುವಿನಲ್ಲಿ ಓದಿದೆ. ಅರ್ಥವಾಗದ ಕಡೆ ಪರಿಚಯದ ವೈದ್ಯರೊಬ್ಬರನ್ನು ಕಾಡಿ ತಿಳಿದುಕೊಂಡೆ. ತಿಳಿದದ್ದನ್ನು ಅವನ ಒಪ್ಪಿಗೆ ಪಡೆದು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಏಕೆಂದರೆ ಅವನ ಪ್ರಶ್ನೆಯ ಹಿಂದೆ ಇದ್ದದ್ದು ಕುತೂಹಲವಲ್ಲ, ನಾಚಿಕೆ. ಆ ನಾಚಿಕೆಗೆ ಆಧಾರವೇ ಇಲ್ಲವೆಂಬುದು ನನ್ನ ಓದಿನ ಸಾರ.

ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ವಿಜ್ಞಾನಿಗಳೂ ನನ್ನ ಸೋದರಳಿಯನಂತೆಯೇ ಯೋಚಿಸುತ್ತಿದ್ದರು. ಗಂಡಿಗೊಂದು ರಸ, ಹೆಣ್ಣಿಗೊಂದು ರಸ. ಎರಡೂ ಪರಸ್ಪರ ವಿರೋಧಿಗಳು ಎಂಬುದು ಅಂದಿನ ನಂಬಿಕೆ. 1927ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಅರ್ನ್ಸ್ಟ್ ಲಾಕ್ವೆರ್ ಮತ್ತು ಸಂಗಡಿಗರು ಆರೋಗ್ಯವಂತ ಗಂಡಸರ ಮೂತ್ರದಲ್ಲಿ ಹೆಣ್ಣಿನ ರಸವಿರುವುದನ್ನು ವರದಿ ಮಾಡಿದಾಗ ಅನೇಕರಿಗೆ ಇರಿಸುಮುರಿಸಾಯಿತು. ತಿಂದ ಆಹಾರದಿಂದ ಬಂದಿರಬೇಕು ಎಂದು ಸಮಾಧಾನ ಹೇಳಿಕೊಂಡವರೂ ಇದ್ದರು. ಆ ಸಮಾಧಾನವನ್ನು ಕೆಡಿಸಿದ್ದು ಒಂದು ಗಂಡು ಕುದುರೆ. ನಾಜಿ ಆಡಳಿತದಿಂದಾಗಿ 1933ರಲ್ಲಿ ಬರ್ಲಿನ್ ತೊರೆಯಬೇಕಾಗಿ ಬಂದ ಯಹೂದಿ ವೈದ್ಯ ಬರ್ನ್‌ಹಾರ್ಡ್ ಜೋಂಡೆಕ್, ಮರುವರ್ಷವೇ, ಅಂದರೆ 1934ರಲ್ಲಿ, ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಪ್ರಕಟಿಸಿದರು. ಬಲಿತ ಗಂಡು ಕುದುರೆಯ ಮೂತ್ರದಲ್ಲಿ ಈಸ್ಟ್ರೋಜೆನ್ ರಾಶಿ ರಾಶಿಯಾಗಿ ಹರಿದುಹೋಗುತ್ತಿದೆ ಎಂಬುದು ಅದರ ಸಾರಾಂಶ. ಬೀಜ ಒಡೆದ ಕುದುರೆಯಲ್ಲಿ ಆ ಪ್ರಮಾಣ ಕುಸಿಯುತ್ತದೆ. ಅಂದಮೇಲೆ ಮೂಲ ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಗಂಡಸುತನದ ಉಪಮೆಗೆ ನಾವು ಹುಡುಕಿಕೊಂಡು ಹೋಗುವ ಪ್ರಾಣಿಯ ವೃಷಣವೇ ‘ಹೆಣ್ಣಿನ’ ರಸದ ದೊಡ್ಡ ಕಾರ್ಖಾನೆಯಾಗಿತ್ತು.

ಹಾಗಾದರೆ ಮನುಷ್ಯನಲ್ಲಿ ಇದು ತಯಾರಾಗುವುದು ಎಲ್ಲಿ? ಕಚ್ಚಾಸಾಮಗ್ರಿ ಬೇರೇನೂ ಅಲ್ಲ, ಗಂಡಸಿನ ಹೆಮ್ಮೆಯ ಟೆಸ್ಟೋಸ್ಟಿರಾನೇ. ಅರೋಮಟೇಸ್ ಎಂಬ ಕಿಣ್ವ ಅದರ ಅಣುವಿನ ರಚನೆಯನ್ನು ತುಸು ಬದಲಾಯಿಸಿದರೆ ಅದೇ ಎಸ್ಟ್ರಡಯಾಲ್ ಆಗುತ್ತದೆ. ಎಸ್ಟ್ರಡಯಾಲ್ ಎಂಬುದು ಈಸ್ಟ್ರೋಜೆನ್ ಕುಟುಂಬದ ಪ್ರಮುಖ ಸದಸ್ಯ. ಹೆಣ್ಣಿನ ಅಂಡಾಶಯದಲ್ಲಿಯೂ ನಡೆಯುವುದು ಇದೇ ಕ್ರಿಯೆ. ಅಲ್ಲಿಯೂ ಮೊದಲು ಹುಟ್ಟುವುದು ‘ಗಂಡಿನ’ ರಸ, ಅದರಿಂದ ‘ಹೆಣ್ಣಿನ’ ರಸ. ಈ ಕಿಣ್ವವನ್ನು ತಯಾರಿಸುವ ಜೀನು ಇರುವುದು ಲಿಂಗವನ್ನು ನಿರ್ಧರಿಸುವ ವರ್ಣತಂತುಗಳ ಮೇಲಲ್ಲ; ಗಂಡು ಹೆಣ್ಣು ಇಬ್ಬರಲ್ಲಿಯೂ ಸಮಾನವಾಗಿರುವ 15ನೆಯ ಜೋಡಿಯ ಮೇಲೆ. ಪ್ರಕೃತಿಗೆ ಇದು ಯಾರ ಸ್ವತ್ತು ಎಂಬ ಬಗ್ಗೆ ಗೊಂದಲವಿರಲಿಲ್ಲ. ಗೊಂದಲ ನಮ್ಮ ನಾಮಕರಣದಲ್ಲಿದೆ. ಮೊದಲು ಎಲ್ಲಿ ಕಂಡಿತೋ ಅಲ್ಲಿಯ ಹೆಸರನ್ನು ಅಂಟಿಸಿ ಕಡತ ಮುಚ್ಚುವುದು ಸರ್ಕಾರಿ ಕಚೇರಿಗಳ ರೋಗ ಮಾತ್ರವಲ್ಲ.

ವೃಷಣದೊಳಗೆ ಈ ಕಿಣ್ವ ಒಂದೇ ಕಡೆ ಇಲ್ಲ. 1850ರಲ್ಲಿ ಜರ್ಮನಿಯ ಫ್ರಾನ್ಸ್ ಲೈಡಿಗ್ ಗುರುತಿಸಿದ, ಅವರ ಹೆಸರನ್ನೇ ಹೊತ್ತ ಕೋಶಗಳು ಟೆಸ್ಟೋಸ್ಟಿರಾನ್ ತಯಾರಿಸುತ್ತವೆ. ಬೆಳೆದ ಗಂಡಿನಲ್ಲಿ ಅದರ ಒಂದು ಪಾಲನ್ನು ಈಸ್ಟ್ರೋಜೆನ್ ಆಗಿಸುವುದೂ ಅವೇ. 1865ರಲ್ಲಿ ಇಟಲಿಯ ಎನ್ರಿಕೊ ಸರ್ಟೋಲಿ ವಿವರಿಸಿದ, ವೀರ್ಯಾಣುಗಳನ್ನು ದಾದಿಯಂತೆ ಸಾಕುವ ಕೋಶಗಳು ಎಳವೆಯಲ್ಲಿ ಈ ಕೆಲಸ ಮಾಡುತ್ತವೆ ಎಂಬುದು ಇಲಿಗಳ ಅಧ್ಯಯನದಿಂದ ತಿಳಿದಿತ್ತು. ಬಹುಕಾಲ ಪಟ್ಟಿ ಇಲ್ಲಿಗೇ ಮುಗಿಯುತ್ತಿತ್ತು. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೊಂದು ಹೆಸರನ್ನು ಸೇರಿಸಿದರು: ಇಲಿಯ ವೃಷಣದಲ್ಲಿ ವೀರ್ಯಾಣುವಾಗಿ ರೂಪುಗೊಳ್ಳುತ್ತಿರುವ ಬೀಜಕೋಶಗಳಲ್ಲಿಯೇ ಅರೋಮಟೇಸ್ ಇತ್ತು. ಮುಂದೆ ಮನುಷ್ಯನ ಬೀಜಕೋಶಗಳಲ್ಲಿಯೂ ಹೊರಬಂದ ವೀರ್ಯಾಣುಗಳಲ್ಲಿಯೂ ಅದು ಪತ್ತೆಯಾಯಿತು. ಅಂದರೆ ದಾರಿಗೆ ಬೇಕಾದ ಬುತ್ತಿಯನ್ನು ವೀರ್ಯಾಣು ಹೊತ್ತೇ ಹೊರಡುತ್ತದೆ.

ಇಲ್ಲಿ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಪರಿಚಿತವಾದ ಒಂದು ಸಂಗತಿ ಎದುರಾಗುತ್ತದೆ. ಗಂಡಸಿನ ರಕ್ತದಲ್ಲಿ ಸಂಚರಿಸುವ ಎಸ್ಟ್ರಡಯಾಲ್‌ನಲ್ಲಿ ವೃಷಣದ ನೇರ ಕೊಡುಗೆ ಸುಮಾರು ಐದರಲ್ಲಿ ಒಂದು ಪಾಲು ಮಾತ್ರ. ಉಳಿದದ್ದು ಕೊಬ್ಬು, ಸ್ನಾಯು, ಚರ್ಮ, ಮೂಳೆ, ಮಿದುಳುಗಳಲ್ಲಿ ತಯಾರಾದದ್ದು. ದಿನವೊಂದಕ್ಕೆ ಹುಟ್ಟುವ ಟೆಸ್ಟೋಸ್ಟಿರಾನ್‌ನ ನೂರರಲ್ಲಿ ಒಂದು ಪಾಲಿಗೂ ಕಡಿಮೆ ಅಂಶವಷ್ಟೇ ಎಸ್ಟ್ರಡಯಾಲ್ ಆಗುತ್ತದೆ. ಈ ಅಂಕಿಗಳನ್ನು ಮಾತ್ರ ನೋಡಿದರೆ ವೃಷಣದ ಈಸ್ಟ್ರೋಜೆನ್ ನಗಣ್ಯವೆನಿಸೀತು. ಆದರೆ ರಾಷ್ಟ್ರೀಯ ವರಮಾನದ ಲೆಕ್ಕದಲ್ಲಿ ಮನೆಯಲ್ಲಿ ಮಾಡಿ ಮನೆಯಲ್ಲೇ ಉಂಡ ಅಡುಗೆ ಕಾಣಿಸುವುದಿಲ್ಲ ಎಂಬುದನ್ನು ನಾವು ಮೊದಲ ವರ್ಷದಲ್ಲೇ ಕಲಿಯುತ್ತೇವೆ. ಅಡುಗೆ ಇಲ್ಲವೆಂದಲ್ಲ, ಅದು ಪೇಟೆಗೆ ಬಂದಿಲ್ಲ, ಅಷ್ಟೆ. ರಕ್ತಪರೀಕ್ಷೆ ಅಳೆಯುವುದು ಪೇಟೆಯ ಸರಕನ್ನು. ವೃಷಣದೊಳಗಿನ ಈಸ್ಟ್ರೋಜೆನ್ ಬಹುಪಾಲು ಅಲ್ಲಿಯೇ, ಅದರ ನಾಳಗಳಲ್ಲಿಯೇ ಬಳಕೆಯಾಗುತ್ತದೆ. ಇಲಿಗಳಲ್ಲಿ ವೃಷಣದಿಂದ ಹೊರಡುವ ದ್ರವದಲ್ಲಿನ ಈಸ್ಟ್ರೋಜೆನ್ ಸಾಂದ್ರತೆ ಹೆಣ್ಣಿನ ರಕ್ತದಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತಲೂ ಹೆಚ್ಚು.

ಅಲ್ಲಿ ಅದಕ್ಕೆ ಕೆಲಸವೇನು? ಇದಕ್ಕೆ ಉತ್ತರ ಸಿಕ್ಕದ್ದು ಇತ್ತೀಚೆಗೆ ಎನ್ನಬೇಕು. ಹಾರ್ಮೋನು ತನ್ನ ಕೆಲಸ ಮಾಡಬೇಕಾದರೆ ಕೋಶದಲ್ಲಿ ಅದನ್ನು ಬರಮಾಡಿಕೊಳ್ಳುವ ಗ್ರಾಹಕವಿರಬೇಕು. 1993ರಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ವಿಜ್ಞಾನಿಗಳು ಈಸ್ಟ್ರೋಜೆನ್ ಗ್ರಾಹಕವೇ ಇಲ್ಲದ ಇಲಿಗಳನ್ನು ರೂಪಿಸಿದರು. ಹೆಣ್ಣಿಲಿಗಳು ಬಂಜೆಯಾದದ್ದು ನಿರೀಕ್ಷಿತವೇ ಆಗಿತ್ತು. ಗಂಡಿಲಿಗಳೂ ಸಂತಾನಶಕ್ತಿ ಕಳೆದುಕೊಂಡಿದ್ದವು. 1997ರಲ್ಲಿ ಇಲಿನಾಯ್‌ನ ರೆಕ್ಸ್ ಹೆಸ್ ಮತ್ತು ಸಹೋದ್ಯೋಗಿಗಳು ಇದರ ಕಾರಣವನ್ನು ‘ನೇಚರ್’ನಲ್ಲಿ ವಿವರಿಸಿದರು.

ಕಂದಾಯ ಇಲಾಖೆಯಲ್ಲಿ ದುಡಿದ ನನಗೆ ಆ ವಿವರಣೆ ಕೆರೆ ಕಾಲುವೆಗಳ ಭಾಷೆಯಲ್ಲಿ ಸುಲಭವಾಗಿ ಹಿಡಿಸಿತು. ವೃಷಣದಲ್ಲಿ ಹುಟ್ಟಿದ ವೀರ್ಯಾಣುಗಳು ಹೇರಳ ದ್ರವದಲ್ಲಿ ತೇಲುತ್ತ ಕೆಲವು ಸಣ್ಣ ನಾಳಗಳ ಮೂಲಕ ಎಪಿಡಿಡಿಮಿಸ್ ಎಂಬ ಉಗ್ರಾಣವನ್ನು ಸೇರುತ್ತವೆ. ದಾರಿಯಲ್ಲಿ ಆ ನಾಳಗಳು ದ್ರವದ ಸುಮಾರು ಶೇ 90ರಷ್ಟನ್ನು ಹೀರಿಕೊಂಡು ವೀರ್ಯಾಣುಗಳನ್ನು ಒತ್ತಾಗಿಸುತ್ತವೆ. ಹೀರಿಕೊಳ್ಳಿ ಎಂಬ ಆಜ್ಞೆಯನ್ನು ಕೊಡುವುದು ಈಸ್ಟ್ರೋಜೆನ್. ಗ್ರಾಹಕವಿಲ್ಲದ ಇಲಿಯಲ್ಲಿ ಈ ಆಜ್ಞೆ ತಲುಪುವುದಿಲ್ಲ, ನೀರು ಇಂಗುವುದಿಲ್ಲ. ಮುಂದಕ್ಕೆ ಹೋದ ವೀರ್ಯಾಣುಗಳು ತೆಳ್ಳಗಿನ ದ್ರವದಲ್ಲಿ ಕೆಡುತ್ತವೆ. ಹಿಂದಕ್ಕೆ ಒತ್ತಿದ ಹಿನ್ನೀರಿನಲ್ಲಿ ವೃಷಣವೇ ಊದಿಕೊಂಡು, ಕಾಲಕ್ರಮದಲ್ಲಿ ಕ್ಷೀಣಿಸುತ್ತದೆ. ತಪ್ಪು ಬಿತ್ತನೆಯದಲ್ಲ, ಕಾಲುವೆಯದು. 2000ದಲ್ಲಿ ನಡೆದ ಪ್ರಯೋಗವೊಂದು ಇದನ್ನು ದೃಢಪಡಿಸಿತು: ಗ್ರಾಹಕವಿಲ್ಲದ ಇಲಿಯ ಬೀಜಕೋಶಗಳನ್ನು ಸಾಮಾನ್ಯ ಇಲಿಯ ವೃಷಣಕ್ಕೆ ವರ್ಗಾಯಿಸಿದಾಗ ಅವುಗಳಿಂದ ಮರಿಗಳು ಹುಟ್ಟಿದವು.

ಮನುಷ್ಯ ಇಲಿಯಲ್ಲ, ನಿಜ. ಆದರೆ ಮನುಷ್ಯನ ಅದೇ ನಾಳಗಳಲ್ಲಿಯೂ ಈ ಗ್ರಾಹಕ ಸಮೃದ್ಧವಾಗಿದೆ. ಜೊತೆಗೆ, ಪ್ರಕೃತಿಯೇ ನಡೆಸಿದ ಒಂದೆರಡು ಅಪರೂಪದ ‘ಪ್ರಯೋಗ’ಗಳು ವೈದ್ಯ ಸಾಹಿತ್ಯದಲ್ಲಿ ದಾಖಲಾಗಿವೆ. 1994ರಲ್ಲಿ ಅಮೆರಿಕದ ವೈದ್ಯರು 28 ವರ್ಷದ ಯುವಕನೊಬ್ಬನ ವೃತ್ತಾಂತ ಪ್ರಕಟಿಸಿದರು. ಹುಟ್ಟಿನಿಂದಲೇ ಈಸ್ಟ್ರೋಜೆನ್ ಗ್ರಾಹಕ ದೋಷಪೂರಿತವಾಗಿದ್ದ ಅವನ ಎತ್ತರ 204 ಸೆಂಟಿಮೀಟರ್. ಮೂಳೆಗಳ ತುದಿ ಇನ್ನೂ ಮುಚ್ಚಿರಲಿಲ್ಲ, ಬೆಳವಣಿಗೆ ನಿಂತಿರಲಿಲ್ಲ. ಆದರೆ ಮೂಳೆಗಳು ಮುದುಕರ ಮೂಳೆಗಳಂತೆ ಟೊಳ್ಳಾಗಿದ್ದವು. ವೀರ್ಯಾಣುಗಳ ಸಂಖ್ಯೆಯಲ್ಲಿ ಕೊರತೆಯಿರಲಿಲ್ಲ. ಜೀವಂತವಾಗಿದ್ದವು ಮಾತ್ರ ಕಡಿಮೆ. 1997ರಲ್ಲಿ ಇಟಲಿಯ ವೈದ್ಯರು ಅರೋಮಟೇಸ್ ಕಿಣ್ವವೇ ಇಲ್ಲದ ಪುರುಷನೊಬ್ಬನ ಚಿಕಿತ್ಸೆಯನ್ನು ವರದಿ ಮಾಡಿದರು. ಟೆಸ್ಟೋಸ್ಟಿರಾನ್ ಕೊಟ್ಟರೂ ಅವನ ಮೂಳೆಗಳು ಬಲಿಯಲಿಲ್ಲ. ಈಸ್ಟ್ರೋಜೆನ್ ಕೊಟ್ಟಾಗ ಬಲಿತವು. ಗಂಡಸಿನ ಬೆನ್ನೆಲುಬು ಎಂದು ನಾವು ಯಾವುದನ್ನು ಕೊಂಡಾಡುತ್ತೇವೆಯೋ ಅದನ್ನು ಕಾಯುವ ಕೆಲಸದಲ್ಲಿ ದೊಡ್ಡ ಪಾಲು ಈ ‘ಹೆಣ್ಣಿನ’ ರಸದ್ದು.

2013ರಲ್ಲಿ ಬಾಸ್ಟನ್ನಿನಲ್ಲಿ ಸುಮಾರು 400 ಆರೋಗ್ಯವಂತ ಪುರುಷರ ಮೇಲೆ ನಡೆದ ಅಧ್ಯಯನದ ಫಲಿತಾಂಶ ಪ್ರಕಟವಾಯಿತು. ಅವರ ಸ್ವಂತ ಹಾರ್ಮೋನು ಉತ್ಪಾದನೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಒಂದು ಗುಂಪಿಗೆ ವಿವಿಧ ಪ್ರಮಾಣದ ಟೆಸ್ಟೋಸ್ಟಿರಾನ್ ಕೊಡಲಾಯಿತು. ಇನ್ನೊಂದು ಗುಂಪಿಗೆ ಅದರ ಜೊತೆಗೆ ಈಸ್ಟ್ರೋಜೆನ್ ಉತ್ಪತ್ತಿಯನ್ನು ತಡೆಯುವ ಔಷಧವನ್ನೂ ಕೊಡಲಾಯಿತು. ಸ್ನಾಯುವಿನ ಬಲ ಟೆಸ್ಟೋಸ್ಟಿರಾನ್‌ನ ಕೊಡುಗೆಯೆಂಬುದು ಖಚಿತವಾಯಿತು. ಆದರೆ ಮೈಯಲ್ಲಿ ಕೊಬ್ಬು ಸೇರಿದ್ದಕ್ಕೆ ಮುಖ್ಯ ಕಾರಣ ಈಸ್ಟ್ರೋಜೆನ್ ಕೊರತೆಯಾಗಿತ್ತು. ಕಾಮಾಸಕ್ತಿ ಕುಂದಿದ್ದಕ್ಕೆ ಎರಡರ ಕೊರತೆಯೂ ಕಾರಣವಾಗಿತ್ತು. ನನ್ನ ವಯಸ್ಸಿನ ಓದುಗರಿಗೆ ಇನ್ನೊಂದು ಮಾತು: ಮುಟ್ಟು ನಿಂತ ಮಹಿಳೆಗಿಂತ ಅದೇ ಪ್ರಾಯದ ಪುರುಷನ ರಕ್ತದಲ್ಲಿ ಎಸ್ಟ್ರಡಯಾಲ್ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ಅರವತ್ತು ದಾಟಿದ ಮನೆಗಳಲ್ಲಿ ಲೆಕ್ಕದ ಪ್ರಕಾರ ‘ಹೆಣ್ಣಿನ ಹಾರ್ಮೋನು’ ಹೆಚ್ಚಿರುವುದು ಯಜಮಾನರಲ್ಲಿ!

ಇಷ್ಟನ್ನು ಓದಿದ ಮೇಲೆ ಬಾದಾಮಿಯ ಮೊದಲನೆಯ ಗುಹೆಯ ಅರ್ಧನಾರೀಶ್ವರ ನೆನಪಾಗುವುದು ಸಹಜ. ನಮ್ಮ ಪೂರ್ವಜರಿಗೆ ಇದೆಲ್ಲ ಆಗಲೇ ಗೊತ್ತಿತ್ತು ಎಂದು ಎದೆ ತಟ್ಟಿಕೊಳ್ಳುವವರ ಸಾಲಿಗೆ ನಾನು ಸೇರಲಾರೆ. ಆ ಶಿಲ್ಪದಲ್ಲಿ ಗಂಡು ಬಲಕ್ಕೆ, ಹೆಣ್ಣು ಎಡಕ್ಕೆ. ನಡುವೆ ಗೆರೆ ಸ್ಪಷ್ಟ. ದೇಹದೊಳಗೆ ಅಂತಹ ಗೆರೆಯೇ ಇಲ್ಲವೆಂಬುದು ಈ ವಿಜ್ಞಾನದ ಮಾತು.

ಹಾಗೆಂದು ಈಸ್ಟ್ರೋಜೆನ್ ಎಷ್ಟಿದ್ದರೂ ಒಳಿತೆಂದಲ್ಲ. ನನ್ನ ಸೋದರಳಿಯನ ವರದಿಯಲ್ಲಿದ್ದ ಮೇಲ್ಮುಖದ ಬಾಣಕ್ಕೆ ಅರ್ಥವಿತ್ತು. ಕುರ್ಚಿಗೆ ಅಂಟಿದ ಉದ್ಯೋಗ, ಹೊತ್ತಲ್ಲದ ಹೊತ್ತಿನ ಊಟ, ಹತ್ತು ವರ್ಷಗಳಲ್ಲಿ ಏರಿದ ಇಪ್ಪತ್ತು ಕಿಲೋ ತೂಕ. ಕೊಬ್ಬಿನ ಕೋಶಗಳಲ್ಲಿಯೂ ಅರೋಮಟೇಸ್ ಇದೆ. ಕೊಬ್ಬು ಹೆಚ್ಚಿದಂತೆ ಟೆಸ್ಟೋಸ್ಟಿರಾನ್ ಹೆಚ್ಚು ಹೆಚ್ಚಾಗಿ ಈಸ್ಟ್ರೋಜೆನ್ ಆಗುತ್ತದೆ. ಅದನ್ನು ಗಮನಿಸಿದ ಮಿದುಳು, ರಸ ಸಾಕಷ್ಟಿದೆಯೆಂದು ತಿಳಿದು, ವೃಷಣಕ್ಕೆ ಕಳುಹಿಸುವ ಆಜ್ಞೆಯನ್ನು ತಗ್ಗಿಸುತ್ತದೆ. ಟೆಸ್ಟೋಸ್ಟಿರಾನ್ ಇನ್ನಷ್ಟು ಇಳಿಯುತ್ತದೆ. ಅದು ಇಳಿದರೆ ಕೊಬ್ಬು ಇನ್ನಷ್ಟು ಸೇರುತ್ತದೆ. ಬಡತನದ ವಿಷವರ್ತುಲವೆಂದು ನಾವು ತರಗತಿಯಲ್ಲಿ ಓದಿದ್ದಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಇಲ್ಲಿ ಮುಖ್ಯವಾದದ್ದು ಎರಡರ ನಡುವಣ ಪ್ರಮಾಣ, ಒಂದರ ನಿರ್ನಾಮವಲ್ಲ.

ಈ ವ್ಯತ್ಯಾಸ ಗೊತ್ತಿಲ್ಲದೆ ಅವನು ಒಂದು ಅಪಾಯಕ್ಕೆ ಕೈಹಾಕುವುದರಲ್ಲಿದ್ದ. ಅವನು ಹೋಗುತ್ತಿದ್ದ ವ್ಯಾಯಾಮಶಾಲೆಯ ಪರಿಚಿತನೊಬ್ಬ, ಹೆಣ್ಣಿನ ಹಾರ್ಮೋನನ್ನು ಸೊನ್ನೆಗೆ ಇಳಿಸುವ ಮಾತ್ರೆಯಿದೆ ಎಂದು ಹೆಸರು ಬರೆದುಕೊಟ್ಟಿದ್ದನಂತೆ. ಅದು ಮೂಲತಃ ಸ್ತನ ಕ್ಯಾನ್ಸರಿನ ಚಿಕಿತ್ಸೆಗೆ ಬಳಸುವ, ಅರೋಮಟೇಸ್ ತಡೆಯುವ ಔಷಧ. ದೇಹದಾರ್ಢ್ಯದ ಹುಚ್ಚಿನಲ್ಲಿ ಕೃತಕ ಸ್ಟೀರಾಯ್ಡ್ ಸೇವಿಸುವವರು ಅದನ್ನೂ ಜೊತೆಗೆ ನುಂಗುವುದು ಜಗತ್ತಿನ ಅನೇಕ ಕಡೆ ಇರುವ ರೂಢಿ. ಆಯ್ದ ಕೆಲವು ರೋಗಿಗಳಿಗೆ, ಮೇಲಿಂದ ಮೇಲೆ ರಕ್ತಪರೀಕ್ಷೆ ಮಾಡುತ್ತ, ವೈದ್ಯರೂ ಈ ಔಷಧವನ್ನು ಕೊಡುವುದುಂಟು. ಆದರೆ ವೈದ್ಯರು ಬಯಸುವುದು ಸಮತೋಲನವನ್ನು. ಹೆಸರಿಗೆ ಹೆದರಿದವನು ಬಯಸುವುದು ಸೊನ್ನೆಯನ್ನು. ಸೊನ್ನೆಯೆಂದರೆ ಏನೆಂಬುದನ್ನು ಮೇಲಿನ ಉದಾಹರಣೆಗಳು ತೋರಿಸಿವೆ: ಟೊಳ್ಳು ಮೂಳೆ, ಕುಂದಿದ ಆಸಕ್ತಿ, ಸೇರುವ ಕೊಬ್ಬು. ಗಂಡಸುತನವನ್ನು ಉಳಿಸಿಕೊಳ್ಳಲು ಹೊರಟವನು ಅದರ ಬುಡಕ್ಕೇ ಕೊಡಲಿ ಹಾಕಿಕೊಂಡಂತೆ.

ಇನ್ನೊಂದು ಬೆಲೆಯನ್ನು ತೆರುವವರು ಹೆಣ್ಣುಮಕ್ಕಳು. ಮಕ್ಕಳಾಗದ ದಂಪತಿಗಳ ಪೈಕಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಕಡೆಯ ಕಾರಣವೂ ಇರುತ್ತದೆ ಎಂಬುದು ವೈದ್ಯಕ್ಷೇತ್ರದಲ್ಲಿ ಹೊಸ ಮಾತಲ್ಲ. ಪುರುಷನ ಮೊದಲ ಪರೀಕ್ಷೆ ಸರಳವಾದದ್ದು; ಸೂಜಿಯಿಲ್ಲ, ಕತ್ತರಿಯಿಲ್ಲ, ಖರ್ಚೂ ಕಡಿಮೆ. ಆದರೂ ನಮ್ಮ ಮನೆಗಳಲ್ಲಿ ಅದು ಕೊನೆಯ ಪರೀಕ್ಷೆ. ಎಲ್ಲ ಮುಗಿದ ಮೇಲೆ, ಹೆಂಡತಿಯ ದೇಹದಲ್ಲಿ ಹುಡುಕಲು ಇನ್ನೇನೂ ಉಳಿಯದಿದ್ದಾಗ, ಗಂಡನ ಸರದಿ. ‘ಬಂಜೆ’ ಎಂಬ ಸ್ತ್ರೀಲಿಂಗ ಪದ ನಾಲಿಗೆಗೆ ಥಟ್ಟನೆ ಬರುತ್ತದೆ. ಅದಕ್ಕೆ ಸಮನಾದ ಪುಲ್ಲಿಂಗ ಪದ ದಿನಬಳಕೆಯ ಮಾತಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಭಾಷೆಯಲ್ಲಿಯೂ ನಾವು ಏಕಪಕ್ಷೀಯ ಆದೇಶವನ್ನೇ ಹೊರಡಿಸಿದ್ದೇವೆ.

ಇದಕ್ಕೆ ದೊಡ್ಡ ಯೋಜನೆ, ಅನುದಾನಗಳು ಬೇಕಾಗಿಲ್ಲ. ದಂಪತಿಗಳು ವೈದ್ಯರನ್ನು ಕಾಣುವಾಗ ಮೊದಲ ಭೇಟಿಯಲ್ಲಿಯೇ ಇಬ್ಬರ ಪರೀಕ್ಷೆಯೂ ಆಗಬೇಕೆಂದು ಮನೆಯ ಹಿರಿಯರು ಒಂದು ಮಾತು ಹೇಳಿದರೆ ಸಾಕು. ಶಾಲೆಯಲ್ಲಿ ಮಕ್ಕಳಿಗೆ ಹಾರ್ಮೋನುಗಳ ಪಾಠ ಹೇಳುವಾಗ ‘ಗಂಡಿನದು’, ‘ಹೆಣ್ಣಿನದು’ ಎಂಬ ಎರಡು ಕಲಮುಗಳನ್ನು ಎಳೆಯುವ ಬದಲು, ಇಬ್ಬರಿಗೂ ಎರಡೂ ಬೇಕು, ಪ್ರಮಾಣ ಬೇರೆ ಎಂಬ ಒಂದು ವಾಕ್ಯವನ್ನು ಸೇರಿಸಿದರೆ ಸಾಕು. ವೃಷಣದಲ್ಲಿ ಈಸ್ಟ್ರೋಜೆನ್ ತಯಾರಾಗುತ್ತದೆ ಎಂದು ಹದಿನಾರರಲ್ಲಿ ಕೇಳಿದ ಹುಡುಗ ಮೂವತ್ತಾರರಲ್ಲಿ ವರದಿಯನ್ನು ನಾಲ್ಕಾಗಿ ಮಡಚಿ ಜೇಬಿನಲ್ಲಿ ಬಚ್ಚಿಡುವುದಿಲ್ಲ.

ನನ್ನ ಸೋದರಳಿಯ ಆ ಮಾತ್ರೆಯನ್ನು ಕೊಳ್ಳಲಿಲ್ಲ. ವೈದ್ಯರ ಸಲಹೆಯಂತೆ ಬೆಳಿಗ್ಗೆ ನಡೆಯುತ್ತಾನೆ, ತೂಕ ಇಳಿಯುತ್ತಿದೆ, ಚಿಕಿತ್ಸೆ ಸಾಗಿದೆ. ಮುಂದೇನಾಗುವುದೋ ಕಾದು ನೋಡಬೇಕು. ನಾನು ಅವನ ಹೆಂಡತಿಯನ್ನು ಕಂಡು, ಏಳು ವರ್ಷಗಳ ಹಿಂದೆಯೇ ಕೇಳಬೇಕಾದವನನ್ನು ಕೇಳದೆ ಬಿಟ್ಟೆ, ಅದು ನನ್ನ ತಪ್ಪು ಎಂದೆ. ಆಕೆ ಒಂದು ಕ್ಷಣ ನನ್ನ ಮುಖವನ್ನೇ ನೋಡಿ, ‘ಕಾಫಿ ಮಾಡುತ್ತೇನೆ, ಕುಳಿತುಕೊಳ್ಳಿ’ ಎಂದು ಒಳಗೆ ಹೋದಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ನಾನು ಕುಳಿತೇ ಇದ್ದೆ.